ಇರಾನಿಯ ಲಿವರ್, ರೂಮಿನವನ ರಕ್ತ

ಬೇಸರದಲ್ಲಿ ಕೂತವನ ಹತ್ತಿರವೇ ನಗುವ ಸಂಗತಿಗಳೂ ಬಂದು ಕೂತ್ಕೊಳ್ತವೆ. ಜಿದ್ದಾದ ಅಜೀಜಿಯಾದಲ್ಲಿ ನಾನು ಕಂಪನಿಯೊಂದರ ಸ್ಟೋರ್‌ಕೀಪರ್ ಆಗಿದ್ದಾಗ ಅಂಥದ್ದಕ್ಕೆ ಬರಗಾಲವೇ ಇರ್ಲಿಲ್ಲ. ಯಾಕಂದ್ರೆ ಬೇಸರಕ್ಕೂ ಇರ್ಲಿಲ್ಲ.

ಕಬ್ಬಿಣ

ನನ್ನ ರೂಮಿನವ ಕಾಪು ಕಡೆಯವ, ಕ್ರೇನ್ ಆಪರೇಟರ್. ಒಂದು ದಿನ ಏಣಿ ಹತ್ತುವಾಗ ತಲೆ ತಿರುಗಿ ಅರ್ಧದಲ್ಲೇ ಕೂತ. ಕ್ಲಿನಿಕ್ಕಿನ ಡಾಕ್ಟರ್ ರಕ್ತ ಪರೀಕ್ಷೆ ಮಾಡಿಸಿ, "ಇದರಲ್ಲಿ ಕಬ್ಬಿಣವೇ ಇಲ್ಲ. ಮಾತ್ರೆ ತಗೋ, ಲಿವರ್ ತಿನ್ನು. ಬಕ್ರೀದ್ ಹಬ್ಬ ಕಳೆದ ಮೇಲೆ ಪುನಃ ನೋಡ್ತೇನೆ. ಆಗಲೂ ಹೀಗೇ ಇದ್ರೆ ಅನ್‌ಫಿಟ್" ಅಂದ್ರು.

ಅನ್‌ಫಿಟ್ ಅಂದ್ರೆ ಊರಿಗೆ. ಊರಲ್ಲಿ ಮಗಳ ನರ್ಸಿಂಗ್ ಓದು ಇನ್ನೂ ಅರ್ಧದಲ್ಲಿತ್ತು. ಹೆಂಡತಿಗೆ ಫೋನಿನಲ್ಲಿ "ಆರಾಮ ಇದ್ದೇನೆ" ಅಂತ ಹೇಳಿ ಇಟ್ಟ. ಎಷ್ಟು ಬಿಳಚಿದ್ದ ಅಂದ್ರೆ, ಸುಣ್ಣದ ಗೋಡೆಗೆ ಒರಗಿ ನಿಂತ್ರೆ ಲುಂಗಿ ಮಾತ್ರ ಕಾಣ್ತಿತ್ತು.

ನನ್ನ ಕಡೆ ತಿರುಗಿ ಹೇಳಿದ, "ಅಣ್ಣ, ದಿನವಿಡೀ ಟನ್ನುಗಟ್ಟಲೆ ಕಬ್ಬಿಣ ಎತ್ತುವವ ನಾನು. ನನ್ನೊಳಗೆ ಒಂದು ಮೊಳೆಯಷ್ಟೂ ಇಲ್ವಂತೆ."

ಶನಿವಾರ

ನಮ್ಮ ಬಿಲ್ಡಿಂಗಿನ ಹಿಂದೆ ಒಬ್ಬ ಇರಾನಿ ಮುದುಕನ ಸಣ್ಣ ಹೋಟೆಲ್. ಅಪ್ಪನ ಕಾಲದಲ್ಲಿ ಬಂದು ಅಲ್ಲೇ ಉಳಿದವ. ಎಲ್ಲರಿಗೂ ಅವ ಉಸ್ತಾದ್. ಕುರಿಯ ಲಿವರ್, ಹೃದಯ, ಕಿಡ್ನಿ ಎಲ್ಲ ಕಂಬಿಗೆ ಚುಚ್ಚಿ, ಕೆಂಡದಲ್ಲಿ ಸುಟ್ಟು, ಮೇಲಿಂದ ಹುಳಿ ಕಿತ್ತಳೆ ಹಿಂಡಿ ಕೊಡ್ತಿದ್ದ. ಅವನ ಹರಕುಮುರುಕು ಉರ್ದುವಿನಲ್ಲಿ ಒಂದೇ ಪಾಠ: "ಕುರಿಯ ಯಾವ ಭಾಗ ತಿಂತೀಯೋ ನಿನ್ನ ಆ ಭಾಗ ಗಟ್ಟಿ. ನಮ್ಮ ಅಜ್ಜಿ ಬಾಣಂತಿಯರಿಗೆಲ್ಲ ಲಿವರೇ ಕೊಡ್ತಿದ್ದದ್ದು."

ನಮ್ಮವನ ಕಷ್ಟ ಬೇರೆ. ಮೀನು ತಿಂದು ಬೆಳೆದವ, ಲಿವರ್ ಮುಟ್ಟಿದವನಲ್ಲ. ಅದರ ಮೇಲೆ ಸೋಮವಾರ ಈಶ್ವರನಿಗೆ, ಗುರುವಾರ ರಾಯರಿಗೆ, ಶನಿವಾರ ಶನಿದೇವರಿಗೆ, ಸಂಕ್ರಾಂತಿ ದೇವಿಗೆ; ಆ ದಿನ ಮಾಂಸ ಮುಟ್ಟಬಾರದು ಅಂತ ಅವನ ಅಮ್ಮನ ಕಟ್ಟು. ಉಸ್ತಾದ್ ಬೆರಳು ಮಡಚಿ ಲೆಕ್ಕ ಹಾಕಿ ಹೇಳಿದ, "ನಿನ್ನ ರಕ್ತಕ್ಕೆ ನಿನಗಿಂತ ರಜೆ ಜಾಸ್ತಿ."

ನಾನೇ ಅವನ ಅಮ್ಮನಿಗೆ ಫೋನ್ ಹಚ್ಚಿ, ಮಗನ ತಲೆತಿರುಗಿನ ವಿಷಯ ಸ್ವಲ್ಪ ಸಣ್ಣ ಮಾಡಿ ಹೇಳಿ, ಕೇಳಿದೆ: "ಅಮ್ಮ, ಶನಿವಾರ ಒಂದು ಬಿಟ್ಟುಕೊಡಿ. ಇಲ್ಲಿ ಸರ್ಕಾರವೇ ಗುರುವಾರದ ರಜೆ ತೆಗೆದು ಶನಿವಾರಕ್ಕೆ ಹಾಕಿದೆ."

ಮುದುಕಿ ಅಂದ್ರು, "ಹಾಗಾದ್ರೆ ಗುರುವಾರ ತಿನ್ನಲಿ. ರಜೆ ದಿನ ಶನಿದೇವರು ಮನೆಯಲ್ಲೇ ಇರ್ತಾರೆ."

ಕುರಿಯ ಕಣ್ಣು

ಅವನೊಬ್ಬನೇ ಹೇಗೆ ತಿನ್ನುವುದು ಅಂತ ನಾನೂ ಕೂತೆ. ಸ್ನೇಹ ಅಂದ್ರೆ ಅಷ್ಟೂ ಇಲ್ವಾ? ಅವ ಕಣ್ಣು ಮುಚ್ಚಿ, ಮಾತ್ರೆ ನುಂಗಿದ ಹಾಗೆ ಒಂದು ಕಂಬಿ ನುಂಗುವಷ್ಟರಲ್ಲಿ ನಾನು ನಾಲ್ಕು ಮುಗಿಸ್ತಿದ್ದೆ.

ಬೆಳಗ್ಗೆ ಹೋದ್ರೆ ಕುರಿಯ ತಲೆ, ಕಾಲು ಎಲ್ಲ ರಾತ್ರಿಯಿಡೀ ಬೇಯಿಸಿದ ಸೂಪು. ಇರಾನಿನವರಿಗೆ ಅದೇ ತಿಂಡಿ. ಮೊದಲ ದಿನ ನಮ್ಮವ ಬಟ್ಟಲು ದೂಡಿ, "ಅಣ್ಣ, ಅದು ನನ್ನನ್ನೇ ನೋಡ್ತಾ ಉಂಟು" ಅಂದ.

ಉಸ್ತಾದ್ ಬಂದು ಚಮಚದಲ್ಲಿ ತಲೆಯನ್ನು ಮೆಲ್ಲ ನನ್ನ ಕಡೆ ತಿರುಗಿಸಿದ. "ಈಗ ಇವನನ್ನು ನೋಡ್ತದೆ. ಇವನಿಗೆ ನಾಚಿಕೆ ಇಲ್ಲ. ನೀನು ತಿನ್ನು."

ಹೆಬ್ಬೆರಳು

ಹಬ್ಬ ಹತ್ತಿರ ಬರುವಾಗ ನಮ್ಮವನ ಕೆನ್ನೆಗೆ ಬಣ್ಣ ಬಂತು. ನನ್ನ ಕಾಲಿನ ಹೆಬ್ಬೆರಳಿಗೂ ಬಂತು. ಬದನೆಕಾಯಿಯಷ್ಟು ಊದಿ, ಫ್ಯಾನಿನ ಗಾಳಿ ತಾಗಿದ್ರೂ ಕಣ್ಣಲ್ಲಿ ನೀರು.

ಅದೇ ಡಾಕ್ಟರ್ ನೋಡಿ, "ಯೂರಿಕ್ ಆಸಿಡ್ ಏರಿದೆ. ಲಿವರ್ ತಿಂತೀರಾ?"

"ಹೌದು."

"ಕಿಡ್ನಿ? ಮೆದುಳು?"

"ಅದೂ."

"ಕುರಿಯಲ್ಲಿ ಬಿಟ್ಟದ್ದು ಎಂತ?"

"ಉಣ್ಣೆ, ಡಾಕ್ಟ್ರೇ."

ಡಾಕ್ಟರಿಗೆ ನಗು ಬರಲಿಲ್ಲ. "ನಿಮ್ಮ ರೂಮಿನವನಿಗೆ ಲಿವರ್ ಔಷಧಿ, ನಿಮಗೆ ವಿಷ. ಚೀಟಿ ಅವನದ್ದು, ಹೊಟ್ಟೆ ಯಾಕೆ ನಿಮ್ಮದು?" ಅಂದ್ರು.

ಫಿಟ್

ಹಬ್ಬ ಕಳೆದು ರಕ್ತ ನೋಡಿದ್ರೆ, ಫಿಟ್. ನಮ್ಮವ ಚೀಟಿ ಹಿಡಿದು ರೂಮಿಗೆ ಓಡಿ ಬಂದ, ಹೆಂಡತಿಗೆ ಆಗಲೇ ನಿಜ ಹೇಳಿದ. ಅವಳು ಅತ್ತಳು, ಇವನೂ ಅತ್ತ.

ಅದೇ ವಾರ ಕಂಪನಿಯ ಕೆಲಸ ನಿಂತಿತು. ದೊಡ್ಡ ದೊಡ್ಡ ಕ್ರೇನುಗಳೆಲ್ಲ ಕತ್ತು ನೀಡಿ ಹಾಗೇ ನಿಂತವು. ಜನರನ್ನು ತಂಡ ತಂಡವಾಗಿ ಊರಿಗೆ ಕಳಿಸಲು ಶುರು. ಆಫೀಸಿನವರ ಕ್ರಮ ಈಗ ಉಲ್ಟಾ, ಎಂತ ಗೊತ್ತುಂಟಾ? ಮದ್ದಿನಲ್ಲಿ ಇದ್ದವರನ್ನು ಗುಣ ಆಗದೆ ಕಳಿಸುವ ಹಾಗಿಲ್ಲ. ಆರೋಗ್ಯ ಸರಿ ಇದ್ದವರು ಮೊದಲು. ನಾನು ಹೆಬ್ಬೆರಳು ಹಿಡ್ಕೊಂಡು ಉಳಿದೆ. ಅವ ಮೊದಲ ತಂಡದಲ್ಲಿ.

ಹೊರಡುವ ದಿನ ಉಸ್ತಾದಿಗೆ ಸಲಾಂ ಹೇಳಲು ಇಬ್ಬರೂ ಹೋದೆವು. ನಾನು ಕುಂಟುತ್ತಾ, ಅವ ಸೇಬಿನ ಹಾಗೆ ಕೆಂಪಾಗಿ. ಮುದುಕ ಒಲೆಯ ಕೆಂಡ ಕೆದಕ್ತಾ ತಲೆ ತಗ್ಗಿಸಿ ಕೂತಿದ್ದ. ತಾನೇ ಕಳಿಸಿದ ಹಾಗೆ ಆಗಿತ್ತು ಅವನಿಗೆ.

ನಮ್ಮವನೇ ಮೆಲ್ಲ ಕೇಳಿದ, "ಉಸ್ತಾದ್, ರಕ್ತ ಕಮ್ಮಿ ಮಾಡ್ಲಿಕ್ಕೆ ಎಂತ ತಿನ್ನಬೇಕು?"

ಉಸ್ತಾದ್ ತಲೆ ಎತ್ತದೆ, "ನಿಮ್ಮ ಕಂಪನಿ ಮೆಸ್ಸಿನ ಊಟ" ಅಂದ.

"ಅದನ್ನು ನಿನ್ನೆಯೇ ಬಂದ್ ಮಾಡಿದ್ರಲ್ಲ ಉಸ್ತಾದ್," ಅಂದ ನಮ್ಮವ. "ಅದು ತಿಂದು ನಾವು ಕಾಯಿಲೆ ಬಿದ್ರೆ ಊರಿಗೆ ಕಳಿಸ್ಲಿಕ್ಕೆ ಆಗುದಿಲ್ಲ ಅಂತ ಹೆದರಿ."