ವೈಫೈ ಪಟ್ಟಿಯಲ್ಲಿ ಒಂಬತ್ತನೇ ಹೆಸರು

ಮುನಿಆಂಜನಪ್ಪ: ಒಂಬತ್ತನೇ ಹೆಸರು ಕಣೋ. ನಿಮ್ಮಕ್ಕನ ಗಂಡ ನಾನು. ನನಗಿಂತ ಮೇಲೆ ಪೆಂಡಾಲ್ ಹಾಕಿದೋನ ಹೆಸರಿತ್ತು.

ಕೆಂಪರಾಜ್: ಭಾವ, ನಾನು ಕೇಳಿದ್ದು ವೈಫೈಗೆ ಏನು ಹೆಸರಿಡಲಿ ಅಂತ.

ಮುನಿಆಂಜನಪ್ಪ: ಹೆಸರಿನ ಮಾತು ಎತ್ತಿದೋನು ನೀನು.

ಟಿನ್ ಫ್ಯಾಕ್ಟರಿ ಹಿಂದೆ ಕೆಂಪರಾಜ ಮನೆ ಕಟ್ಟಿಸಿ ಆರು ವರ್ಷವಾಯಿತು. ಆ ಗೃಹಪ್ರವೇಶದ ಕಾರ್ಡಿನಲ್ಲಿ ‘ಸುಖಾಗಮನ ಬಯಸುವವರು’ ಅನ್ನೋದರ ಕೆಳಗೆ ಭಾವನ ಹೆಸರು ಒಂಬತ್ತನೆಯದಾಗಿ ಬಿದ್ದಿತ್ತು. ಕಾರ್ಡು ಯಾವತ್ತೋ ರದ್ದಿಗೆ ಹೋಗಿ, ಬೋಂಡ ಕಟ್ಟೋ ಕಾಗದವಾಗಿ, ಎಣ್ಣೆ ಕುಡಿದು ಮುಗಿದಿದೆ. ಮುನಿಆಂಜನಪ್ಪನ ಸಿಟ್ಟು ಮಾತ್ರ ಹೊಸ ತಿಪ್ಪಸಂದ್ರದ ಅವನ ಮೂರಂತಸ್ತಿನ ಮನೆಯ ಹಾಲಿನಲ್ಲಿ ಇವತ್ತಿಗೂ ಬಿಸಿಬಿಸಿಯಾಗಿದೆ.

ಈಗ ಆ ಹಾಲಿನ ಟೀಪಾಯಿ ಮೇಲೆ ಸ್ವೀಟ್ ಬಾಕ್ಸಿನಷ್ಟು ದೊಡ್ಡ ಮೂರು ಬಿಳಿ ಡಬ್ಬಿ. ಮೂರೂ ಸೇರಿ ಇಡೀ ಮನೆಗೆ ನೆಟ್ ಹಂಚುತ್ತವಂತೆ. ಪಕ್ಕದಲ್ಲಿ ಕೆಂಪರಾಜನ ಲ್ಯಾಪ್‌ಟಾಪು. ಕೆಳಗೆ ಚಾಪೆ ಮೇಲೆ ಅವನಕ್ಕ ಅಕ್ಕಯಮ್ಮ, ಎದುರಿಗೆ ಅವರೆಕಾಯಿ ಗುಡ್ಡೆ.

ಮುನಿಆಂಜನಪ್ಪ: ಶಿವಾಜಿನಗರದ ಅಂಗಡೀಲಿ ಮಂಜೂರ್ ಏನಂದ? ನಿನ್ನ ಮುಂದೆನೇ ಅಂದ. ‘ಸಾಬ್, ಪ್ಲಗ್ ಹಾಕಿ, ಸ್ವಿಚ್ ಒತ್ತಿ, ಕೈ ಕಟ್ಕೊಂಡು ಕೂತ್ಕೊಳ್ಳಿ’ ಅಂದ.

ಕೆಂಪರಾಜ್: ಅದು ಏನೂ ಗೊತ್ತಿಲ್ಲದವರಿಗೆ ಭಾವ.

ಮುನಿಆಂಜನಪ್ಪ: ನಾನು ಏನೂ ಗೊತ್ತಿಲ್ಲದವನೇ. ಏಳನೇ ಕ್ಲಾಸು. ನನಗೋಸ್ಕರಾನೇ ಮಾಡಿರೋ ಡಬ್ಬಿ ಅದು. ಮಧ್ಯದಲ್ಲಿ ನೀನ್ಯಾಕೆ ಬಂದೆ?

ಕೆಂಪರಾಜ್: ಇದರೊಳಗೆ ‘ಅಡ್ವಾನ್ಸ್ಡ್’ ಅಂತ ಒಂದು ಜಾಗ ಇದೆ. ಎಪ್ಪತ್ತು ಸೆಟ್ಟಿಂಗು. ಒಂದೂ ಮುಟ್ಟದೆ ಬಿಡೋದು ಅಂದ್ರೆ ಕಾರು ತಗೊಂಡು ಬರೀ ಹಾರ್ನ್ ಹೊಡ್ಕೊಂಡು ಕೂತ ಹಾಗೆ.

ಮುನಿಆಂಜನಪ್ಪ: ನಿನ್ನ ಕಾರಲ್ಲಿ ಕೆಲಸ ಮಾಡೋದು ಅದೊಂದೇ ತಾನೆ.

ಹಿಂದಿನ ರೂಮಿನಿಂದ ಭವ್ಯ ಬಂದಳು. ಕೊರಳಲ್ಲಿ ಅಳತೆ ಟೇಪು. ಮುನಿಆಂಜನಪ್ಪನ ಒಬ್ಬಳೇ ಮಗಳು. ಆ ರೂಮಿನಲ್ಲಿ ಕೂತು ಫೋನಿನ ಮುಂದೆ ಊರೂರಿನ ಹೆಂಗಸರಿಗೆ ಬ್ಲೌಸ್ ಕಟಿಂಗ್ ಹೇಳಿಕೊಡುತ್ತಾಳೆ.

ಭವ್ಯ: ಮಾಮ, ಎಪ್ಪತ್ತೋ ಏಳೋ ನನಗೆ ಬೇಡ. ಹೋದ ವಾರ ಬೆನ್ನಿನ ಕತ್ತು ಇಳಿಸೋದು ಹೇಳ್ಕೊಡ್ತಿದ್ದೆ. ‘ಕತ್ತರಿ ಇಡಿ’ ಅಂದೆ. ‘ನಿಲ್ಲಿಸಿ’ ಅನ್ನೋ ಅಷ್ಟರಲ್ಲಿ ನೆಟ್ ಹೋಯ್ತು. ಹದಿಮೂರು ಜನ ಸೊಂಟದವರೆಗೂ ಕತ್ತರಿಸ್ಕೊಂಡು ಹೋಗಿದಾರೆ.

ಅಕ್ಕಯಮ್ಮ: ಇನ್ನು ಅದನ್ನ ಮುಂದೆ ಹಾಕ್ಕೊಂಡ್ರೆ ಏಪ್ರನ್ ಆಗುತ್ತೆ ಬಿಡು.

ಭವ್ಯ: ತಮಾಷೆ ಅಲ್ಲಮ್ಮ. ಶುಕ್ರವಾರ ಹನ್ನೊಂದಕ್ಕೆ ಕ್ಲಾಸು. ಅದೂ ನಿಂತ್ರೆ ಶನಿವಾರ ಇಂದಿರಾನಗರದಲ್ಲಿ ನೋಡಿರೋ ರೂಮಿನ ಬೀಗದ ಕೈ ಇಸ್ಕೋತೀನಿ. ಬಾಡಿಗೆಗೆ.

ಬಾಡಿಗೆ ಅನ್ನೋ ಮಾತು ಕೇಳಿ ಮುನಿಆಂಜನಪ್ಪನಿಗೆ ಬೆನ್ನಿಗೆ ತಣ್ಣೀರು ಸುರಿದ ಹಾಗಾಯಿತು. ರಾಗಿ ಬೆಳೆದ ನೆಲದ ಮೇಲೆ ಮನೆ ಕಟ್ಟಿ, ನಾಲ್ಕು ಪೋರ್ಷನ್ ಬಾಡಿಗೆಗೆ ಬಿಟ್ಟು, ‘ಗೋಡೆಗೆ ಮೊಳೆ ಹೊಡೀಬೇಡ್ರಿ’ ಅಂತ ಹೇಳಿ ಹೇಳಿ ಗಂಟಲು ಕೆಡಿಸಿಕೊಂಡವನು ಅವನು. ನಾಳೆ ಇಂದಿರಾನಗರದಲ್ಲಿ ಯಾವನೋ ಅದೇ ಮಾತು ಅವನ ಮಗಳಿಗೆ ಹೇಳೋದು.

ಕೆಂಪರಾಜ್: ಅದಕ್ಕೇ ಭಾವ, ನಾನು ಹೇಳ್ತಿರೋದು, ಪ್ರಯಾರಿಟಿ ಪಟ್ಟಿ ಅಂತ ಒಂದಿದೆ. ಮೇಲಿನ ಹೆಸರಿಗೆ ನೆಟ್ ಮೊದಲು. ಅವರು ಬಳಸಿ ಮಿಕ್ಕಿದ್ದು ಕೆಳಗಿನವರಿಗೆ.

ಮುನಿಆಂಜನಪ್ಪ ಕುರ್ಚಿಯಲ್ಲಿ ಸ್ವಲ್ಪ ಮುಂದಕ್ಕೆ ಬಂದ.

ಮುನಿಆಂಜನಪ್ಪ: ಪಟ್ಟೀನಾ?

ಕೆಂಪರಾಜ್: ಹೂಂ.

ಮುನಿಆಂಜನಪ್ಪ: ಮೊದಲನೇ ಹೆಸರು ಯಾರದು?

ಕೆಂಪರಾಜ್: ಅದನ್ನ ಮನೆ ಯಜಮಾನರು ಹೇಳ್ಬೇಕು.

ಅರ್ಧ ಗಂಟೆಯಿಂದ ‘ಸೆಟ್ಟಿಂಗ್ ಬೇಡ’ ಅಂತ ಕೂಗುತ್ತಿದ್ದ ಮನುಷ್ಯ ಪಂಚೆ ಸರಿಮಾಡಿಕೊಂಡು ಕೂತ.

ಮುನಿಆಂಜನಪ್ಪ: ಹಾಗಾದ್ರೆ ಬರ್ಕೋ. ಒಂದು, ನನ್ನ ಫೋನು. ಎರಡು, ನಮ್ಮಣ್ಣನ ಫೋನು.

ಕೆಂಪರಾಜ್: ಅವರಿರೋದು ವರ್ತೂರಲ್ಲಿ. ಬರೋದು ವರ್ಷಕ್ಕೊಂದು ಸಲ, ಪಿತೃಪಕ್ಷಕ್ಕೆ.

ಮುನಿಆಂಜನಪ್ಪ: ಬಂದಾಗ ‘ನನ್ನ ಹೆಸರೆಲ್ಲಿ’ ಅಂದ್ರೆ ನೀನು ಉತ್ತರ ಹೇಳ್ತೀಯಾ? ಮೂರು, ಅತ್ತಿಗೆ. ಅಣ್ಣನ್ನ ಹಾಕಿ ಅತ್ತಿಗೇನ ಬಿಡೋಕಾಗಲ್ಲ.

ಕೆಂಪರಾಜ್: ನಾಲ್ಕು, ಸೋದರಮಾವ ಅಂತ ನನ್ನದು ಹಾಕ್ಕೊಂಡೆ.

ಮುನಿಆಂಜನಪ್ಪ: ಹಾಕ್ಕೋ. ನಿನ್ನಂಗೆ ಒಂಬತ್ತಕ್ಕೆ ತಳ್ಳೋ ಬುದ್ಧಿ ನನಗಿಲ್ಲ. ಐದು, ಮೇಲಿನ ಮನೆ ಭಗವಂತರಾಯರು. ಬಾಡಿಗೆದಾರ ಅಂತ ಕೊನೆಗೆ ಹಾಕಿದ್ರೆ ಬೇಜಾರು ಮಾಡ್ಕೋತಾರೆ. ಆರು, ಟೀವಿ. ಏಳು, ಗೇಟಿನ ಕ್ಯಾಮೆರಾ. ಎಂಟು, ನಿಮ್ಮಕ್ಕ.

ಅಕ್ಕಯಮ್ಮ: ಟೀವಿ ನನಗಿಂತ ಹಿರೀದಾ?

ಮುನಿಆಂಜನಪ್ಪ: ನೀನು ಮನೆಯವಳು ಕಣೆ. ಮನೆಯವರು ಕೊನೆಗೆ ಊಟ ಮಾಡಲ್ವಾ, ಹಾಗೆ. ಒಂಬತ್ತು, ಭವ್ಯ. ಚಿಕ್ಕೋಳು.

ಭವ್ಯ ಟೇಪು ತೆಗೆದು ಅಪ್ಪನ ತಲೆಯ ಸುತ್ತಳತೆ ತಗೊಂಡು, ‘ದೊಡ್ಡದೇ ಇದೆ’ ಅಂತ ಒಳಗೆ ಹೋದಳು.

ಅಕ್ಕಯಮ್ಮ: ನೋಡಿ, ಇಬ್ಬರೂ ಕೇಳಿ. ಶುಕ್ರವಾರ ಕ್ಲಾಸು ನಿಲ್ಲದೆ ನಡೆದ್ರೆ ಕೆಂಪ ಗೆದ್ದ. ನಿಂತ್ರೆ ನೀವು ಗೆದ್ರಿ. ಸೋತವರು ಎಲ್ಲರ ಮುಂದೆ ‘ನನಗೆ ಗೊತ್ತಾಗಲಿಲ್ಲ’ ಅಂತ ಹೇಳ್ಬೇಕು.

ಕೆಂಪರಾಜ್: ಅಷ್ಟೇನಾ?

ಅಕ್ಕಯಮ್ಮ: ಅಷ್ಟೇ. ಇಪ್ಪತ್ತೊಂಬತ್ತು ವರ್ಷ ಆಯ್ತು ಈ ಮನೆಗೆ ಬಂದು. ಆ ಮಾತು ಇನ್ನೂ ಕಿವಿಗೆ ಬಿದ್ದಿಲ್ಲ. ಒಂದ್ಸಲ ಕೇಳ್ಬೇಕು ಅಂತ ಆಸೆ.

ಗುರುವಾರ ಬೆಳಗ್ಗೆ ಭಗವಂತರಾಯರು ಫೋನ್ ಹಿಡಿದು ಮೆಟ್ಟಿಲು ಇಳಿದು ಬಂದರು. ಕಲಬುರಗಿ ಕಡೆಯವರು, ಜಗಳ ಮಾಡೋವಾಗಲೂ ಕೈ ಮುಗಿದೇ ಮಾಡುವವರು.

ಭಗವಂತರಾಯ: ಮಾಲಕ್ರ, ನಮಸ್ಕಾರ. ನೆಟ್ಟಿಂದು ಏಳು ಹೆಸರು ತೋರಸ್ಲಿಕತ್ತದ. ಇದ್ರಾಗ ನಮ್ದು ಯಾವ್ದರಿ?

ಕೆಂಪರಾಜ್: ಮೆಟ್ಟಿಲಿಗೆ ಒಂದು ಸಾರ್, ಮನೆಯೊಳಗೆ ಒಂದು, ಟೆರೇಸಿಗೆ ಒಂದು. ಸೆಕ್ಯೂರಿಟಿ.

ಭಗವಂತರಾಯ: ಅಂದ್ರ ಅರಿವಿ ಒಣಗ್ಹಾಕ್ಲಿಕ್ಕ ಮ್ಯಾಲ ಹೋದ್ರ ಪಾಸ್‌ವರ್ಡ್ ಬದಲಿ ಮಾಡ್ಬೇಕೇನ್ರಿ?

ಕೆಂಪರಾಜ್: ಒಂದು ಸಲ ಅಭ್ಯಾಸ ಆದ್ರೆ ಸಲೀಸು.

ಭಗವಂತರಾಯ: ಇಪ್ಪತ್ನಾಲ್ಕು ಅಕ್ಷರ ಅದಾವ್ರಿ. ನಮ್ಮ ಮಗಳು ಸೌಂದರ್ಯಾ ಎರಡು ಸಲ ತಪ್ಪಿದ್ಳು. ಮೂರನೇ ಸಲಕ್ಕ ನಾಳಿ ಬಾ ಅಂತದ.

ಮುನಿಆಂಜನಪ್ಪ: ಡಬ್ಬೀನೂ ಸರ್ಕಾರಿ ಆಫೀಸು ಮಾಡಿಟ್ಟೆಯಲ್ಲೋ.

ಕೆಂಪರಾಜ್: ಕಲಿಯೋಕೆ ಒಂದಿನ ಕೊಡಿ ಭಾವ.

ಮುನಿಆಂಜನಪ್ಪ: ಯಾರು ಕಲಿಯೋಕೆ, ಡಬ್ಬಿನಾ ನೀನಾ?

ಸಂಜೆ ಭವ್ಯ ಒಂದು ಸಲ ಪರೀಕ್ಷೆ ಮಾಡಿ ನೋಡಿದಳು. ಎರಡು ನಿಮಿಷಕ್ಕೆ ಫೋನಿನಲ್ಲಿ ಅವಳ ಮುಖ ಅರ್ಧ ಬಾಯಿ ತೆರೆದು ನಿಂತುಬಿಟ್ಟಿತು. ಅದೇ ಮುಖ ಹೊತ್ತು ಹಾಲಿಗೆ ಬಂದಳು.

ಭವ್ಯ: ಅಪ್ಪ, ನಿನ್ನ ಫೋನಲ್ಲಿ ಏನು ನಡೀತಿದೆ?

ಮುನಿಆಂಜನಪ್ಪ: ಏನಿಲ್ಲ. ಹಳ್ಳಿಕಾರ್ ಎತ್ತಿನ ವಿಡಿಯೋ.

ಭವ್ಯ: ನೋಡ್ತಿದೀಯಾ?

ಮುನಿಆಂಜನಪ್ಪ: ಇಲ್ಲ. ಅದರ ಪಾಡಿಗೆ ಓಡ್ತಿದೆ.

ಭವ್ಯ: ಎತ್ತು ಓಡ್ತಿದೆ. ನಾನು ನಿಂತಿದೀನಿ.

ಕೆಂಪರಾಜ್: ಭಾವ, ಎರಡೇ ಕ್ಲಿಕ್ಕು. ನಿಮ್ಮನ್ನ ಒಂಬತ್ತಕ್ಕೆ ಇಳಿಸಿ ಭವ್ಯನ್ನ ಒಂದಕ್ಕೆ ತರ್ಲಾ?

ಮುನಿಆಂಜನಪ್ಪ: ಒಂಬತ್ತಕ್ಕಾ?

ಕೆಂಪರಾಜ್: ಬರೀ ಡಬ್ಬಿಯೊಳಗೆ ಭಾವ. ಯಾರಿಗೂ ಕಾಣಲ್ಲ.

ಮುನಿಆಂಜನಪ್ಪ: ನಿನ್ನ ಕೈಯಿಂದ ಎರಡನೇ ಸಲ ಒಂಬತ್ತಕ್ಕೆ ಇಳಿಯೋ ಮಗ ನಾನಲ್ಲ.

ಹಾಗಂದುಬಿಟ್ಟ. ಆದರೆ ರಾತ್ರಿ ಊಟಕ್ಕೆ ಕೂತು ಲೆಕ್ಕ ಹಾಕಿದ. ಕ್ಲಾಸು ನಿಂತರೆ ಅವನು ಗೆದ್ದ, ಮಗಳು ಹೋದಳು. ನಡೆದರೆ ಮಗಳು ಉಳಿದಳು, ಬಾಮೈದನ ಮುಂದೆ ಮಾನ ಹೋಯಿತು. ಇಂಥ ಪಂದ್ಯಕ್ಕೆ ಒಪ್ಪಿಕೊಂಡಿದ್ದು ಯಾವ ಬುದ್ಧಿಯಲ್ಲಿ ಅಂತ ತನ್ನನ್ನೇ ಬೈದುಕೊಂಡ.

ಶುಕ್ರವಾರ ಹನ್ನೊಂದಕ್ಕೆ ಐದು ನಿಮಿಷ ಮುಂಚೆ, ಯಾರೂ ನೋಡದಿರುವಾಗ, ಮುನಿಆಂಜನಪ್ಪ ತನ್ನ ಫೋನ್ ಪೂರ್ತಿ ಆಫ್ ಮಾಡಿ ಸೋಫಾದ ದಿಂಬಿನಡಿಗೆ ತುರುಕಿ, ಅದರ ಮೇಲೆ ತಾನೇ ಕೂತ. ಒಂದೂವರೆ ಗಂಟೆ ಏಳಲಿಲ್ಲ.

ಹನ್ನೆರಡೂವರೆಗೆ ಭವ್ಯ ಬಾಗಿಲು ತೆರೆದಳು.

ಭವ್ಯ: ಒಂದು ಸಲಾನೂ ನಿಲ್ಲಲಿಲ್ಲ. ಮೂವತ್ತೊಂದು ಬ್ಲೌಸು, ಎಲ್ಲರ ಕತ್ತೂ ಎಲ್ಲಿರಬೇಕೋ ಅಲ್ಲೇ ಇದೆ. ರೂಮಿನವರಿಗೆ ಬರಲ್ಲ ಅಂತ ಹೇಳಿಬಿಟ್ಟೆ.

ಮುನಿಆಂಜನಪ್ಪನ ಎದೆಯಿಂದ ಒಂದು ಮೂಟೆ ಇಳಿಯಿತು. ಇನ್ನೊಂದು ಮೂಟೆ ಟಿನ್ ಫ್ಯಾಕ್ಟರಿಯಿಂದ ಬಂದು ಎದುರಿಗೇ ಕೂತಿತ್ತು, ಇಸ್ತ್ರಿ ಮಾಡಿದ ಶರಟು ಹಾಕಿಕೊಂಡು.

ಕೆಂಪರಾಜ್: ಎಲ್ಲರೂ ಬನ್ನಿ. ಭಗವಂತರಾಯರೇ, ನೀವೂ ಬನ್ನಿ. ನಮ್ಮ ಭಾವ ಒಂದು ಮಾತು ಹೇಳ್ತಾರಂತೆ.

ಭಗವಂತರಾಯ: ಇವತ್ತು ಭಾಳ ಚಲೋ ಮಾಡೀರಿ ಸಾಹೇಬ್ರ. ಏಳು ಹೆಸರು ತಗದು ಒಂದ ಹೆಸರು ಇಟ್ಟೀರಿ.

ಕೆಂಪರಾಜ್: ಒಂದಾ? ಹಾಂ, ಹೌದೌದು. ಅದೇ ಅಡ್ವಾನ್ಸ್ಡ್ ಅನ್ನೋದು. ಭಾವ, ಹೇಳಿ.

ಮುನಿಆಂಜನಪ್ಪ: ನನ್ನ ಫೋನ್ ನಾನೇ ಆಫ್ ಮಾಡಿಟ್ಟೆ. ಅದಕ್ಕೇ ನಡೀತು.

ಕೆಂಪರಾಜ್: ಆಫ್ ಮಾಡಿದ್ರೆ ಮಿಕ್ಕಿದ್ದನ್ನ ಸರಿಯಾಗಿ ಹಂಚಿದ್ದು ಯಾರು? ನನ್ನ ಪಟ್ಟಿ. ಹೇಳಿ ಭಾವ, ಎರಡು ಪದ.

ಭಗವಂತರಾಯರು ಏನೋ ಭಜನೆ ಇರಬೇಕು ಅಂತ ಕೈ ಮುಗಿದು ನಿಂತಿದ್ದರು. ಮುನಿಆಂಜನಪ್ಪ ಎದ್ದು ನಿಂತ. ಗಂಟಲು ಸರಿಮಾಡಿಕೊಂಡ.

ಮುನಿಆಂಜನಪ್ಪ: ನನಗೆ...

ಕೆಂಪರಾಜ್: ತಡೀರಿ, ತಡೀರಿ. ಪಟ್ಟಿ ತೋರಿಸ್ತೀನಿ. ಅದನ್ನ ನೋಡ್ಕೊಂಡೇ ಹೇಳ್ಬೇಕು ನೀವು.

ಲ್ಯಾಪ್‌ಟಾಪ್ ತೆರೆದ. ನೋಡಿದ. ಮುಚ್ಚಿದ. ಮತ್ತೆ ತೆರೆದ. ಪಟ್ಟಿ ಇರಲಿಲ್ಲ, ಏಳು ಹೆಸರೂ ಇರಲಿಲ್ಲ. ಹೊಸ ಡಬ್ಬಿ ಕೊಂಡಿದ್ದಕ್ಕೆ ಧನ್ಯವಾದ ಹೇಳಿ, ಶುರು ಮಾಡೋಣವಾ ಅಂತ ಅದು ಕೇಳುತ್ತಿತ್ತು.

ಕೆಂಪರಾಜ್: ಯಾರೋ ರೀಸೆಟ್ ಗುಂಡಿ ಒತ್ತಿದಾರೆ, ಎಲ್ಲ ಅಳಿಸಿಹೋಗಿದೆ. ಮೂರು ದಿನದ ಕೆಲಸ. ಯಾರು ಮುಟ್ಟಿದ್ದು ಡಬ್ಬಿ?

ಎಲ್ಲರೂ ಡಬ್ಬಿ ನೋಡಿದರು. ಅದರ ಹಣೆಗೆ ಅರಿಶಿನ ಕುಂಕುಮ, ತಲೆ ಮೇಲೆ ಎರಡು ಕನಕಾಂಬರ, ಸುತ್ತ ಊದುಬತ್ತಿಯ ಬೂದಿ.

ಅಕ್ಕಯಮ್ಮ: ಶುಕ್ರವಾರ ಅಲ್ವಾ, ಬೆಳಗ್ಗೆ ಪೂಜೆ ಮಾಡ್ದೆ. ಹೊಸ ಸಾಮಾನು ಬಂದು ಮೂರು ದಿನ ಆದ್ರೂ ಒಂದು ಕುಂಕುಮ ಇಟ್ಟಿಲ್ಲ ಅಂತ.

ಕೆಂಪರಾಜ್: ಊದುಬತ್ತಿ ಎಲ್ಲಿ ಇಟ್ಟೆ ಅಕ್ಕ?

ಅಕ್ಕಯಮ್ಮ: ಹಿಂದೆ ಸಣ್ಣ ತೂತು ಇತ್ತಲ್ಲ, ಅದರಲ್ಲಿ. ಊದುಬತ್ತಿಗೆ ಅಂತಾನೇ ಇಟ್ಟಿರಬೇಕು, ಕಡ್ಡಿ ಸರಿಯಾಗಿ ಕೂತ್ಕೊಳ್ತು. ಜಾರುತ್ತೇನೋ ಅಂತ ಸ್ವಲ್ಪ ಹೊತ್ತು ಒತ್ತಿ ಹಿಡ್ಕೊಂಡಿದ್ದೆ. ದೀಪ ಕಣ್ಣು ಮಿಟುಕಿಸ್ತು. ದೇವರು ಒಪ್ಪಿಕೊಂಡ ಅಂದ್ಕೊಂಡೆ. ಮೂರು ಡಬ್ಬಿಗೂ ಮಾಡ್ದೆ, ಒಂದಕ್ಕೆ ಮಾಡಿ ಒಂದಕ್ಕೆ ಬಿಡೋಕಾಗುತ್ತಾ?

ಭವ್ಯ: ಹಳೇ ಹೆಸರೆಲ್ಲ ಮಾಯ ಆಗಿತ್ತು ಮಾಮ. ಡಬ್ಬಿ ತಿರುಗಿಸಿದೆ, ಅಡಿಯಲ್ಲಿ ಚೀಟಿ ಅಂಟಿಸಿದ್ರು. ಒಂದು ಹೆಸರು, ಎಂಟು ನಂಬರು. ಮೇಲಿನ ಮನೆಗೂ ಅದನ್ನೇ ಹೇಳ್ದೆ.

ಮುನಿಆಂಜನಪ್ಪ ನಿಧಾನವಾಗಿ ಕೂತು, ಕಾಲ ಮೇಲೆ ಕಾಲು ಹಾಕಿದ.

ಮುನಿಆಂಜನಪ್ಪ: ಮಂಜೂರ್ ಹೇಳಿದ ಹಾಗೇ ಆಯ್ತು. ಈಗ ನೀನು ಹೇಳಪ್ಪ ಕೆಂಪರಾಜ. ಎರಡು ಪದ.

ಕೆಂಪರಾಜ್: ನಾನ್ಯಾಕೆ? ಕ್ಲಾಸು ನಡೀತು ತಾನೆ. ಮಾತಿನ ಪ್ರಕಾರ ಸೋತೋರು ನೀವು.

ಮುನಿಆಂಜನಪ್ಪ: ನಿನ್ನ ಸೆಟ್ಟಿಂಗೇ ಇಲ್ಲದಿರೋದಕ್ಕೆ ನಡೀತು.

ಕೆಂಪರಾಜ್: ನಿಮ್ಮ ಫೋನ್ ಆಫ್ ಮಾಡಿದ್ದೂ ದಂಡ. ಪಟ್ಟೀನೇ ಇಲ್ವಲ್ಲ.

ಅಕ್ಕಯಮ್ಮ: ಹಾಗಾದ್ರೆ ಇಬ್ಬರೂ ಹೇಳಿ.

ಅವಳು ಒಳಗೆ ಹೋಗಿ ಗ್ಯಾಸ್ ಆರಿಸಿ ಬಂದಳು. ಸೆರಗಿಗೆ ಕೈ ಒರೆಸಿಕೊಂಡು, ಯಾವತ್ತೂ ಗಂಡ ಕೂರುವ ಕುರ್ಚಿಯಲ್ಲಿ ಕೂತು ಕಾದಳು. ಮುನಿಆಂಜನಪ್ಪ ಮೋಟರ್ ಆಫ್ ಮಾಡೋದು ನೆನಪಾಗಿ ಎದ್ದು ಹೋದ. ಕೆಂಪರಾಜನಿಗೆ ಫೋನ್ ಬಂತು. ರಿಂಗ್ ಮಾತ್ರ ಯಾರಿಗೂ ಕೇಳಿಸಲಿಲ್ಲ. ಭಗವಂತರಾಯರು ಮುಗಿದ ಕೈ ಬಿಚ್ಚಿ, ‘ಭಜನಿ ಮುಗೀತೇನ್ರಿ?’ ಅಂತ ಕೇಳಿ ಮೆಟ್ಟಿಲು ಹತ್ತಿದರು.

ಮುಂದಿನ ಗುರುವಾರ ಕೆಂಪರಾಜ ಮತ್ತೆ ಲ್ಯಾಪ್‌ಟಾಪ್ ಹಿಡಿದು ಬಂದ.

ಕೆಂಪರಾಜ್: ಅಕ್ಕ, ಒಂದೇ ಒಂದು ಸೆಟ್ಟಿಂಗ್ ಹಾಕ್ತೀನಿ. ಚಿಕ್ಕದು.

ಅಕ್ಕಯಮ್ಮ: ಹಾಕ್ಕೊಳ್ಳಪ್ಪ. ನಾಳೆ ಶುಕ್ರವಾರ.

ಆ ಎರಡು ಪದ ಆ ಮನೆಯಲ್ಲಿ ಇವತ್ತಿಗೂ ಯಾರೂ ಹೇಳಿಲ್ಲ. ವಾರ ವಾರ ಊದುಬತ್ತಿ ಹಚ್ಚುವಾಗ ಅಕ್ಕಯಮ್ಮ ಒಂದು ಸಲ ಗಂಡನ ಕಡೆ ನೋಡುತ್ತಾಳೆ, ತಮ್ಮ ಇದ್ದರೆ ಅವನ ಕಡೆಗೂ.

ಅಕ್ಕಯಮ್ಮ: ಈ ಡಬ್ಬಿಗಿರೋದು ಒಂದೇ ತೂತು, ಒಂದ್ಸಲ ಒತ್ತಿದ್ರೆ ಸರಿಹೋಗುತ್ತೆ. ನಿಮಗೆ ದೇವರು ಎರಡೆರಡು ಕಿವಿ ಕೊಟ್ಟೂ ದಂಡ.

ಮುನಿಆಂಜನಪ್ಪ: ಏನೇ ಅಂದೆ?

ಅಕ್ಕಯಮ್ಮ: ಏನಿಲ್ಲ. ಬಾಕಿ ಜ್ಞಾಪಿಸ್ದೆ.