ಕೂದಲು ನೆಟ್ಟಗಿರತಕ್ಕದ್ದು

ಅಡುಂಕ್ರೊ ಜಿಲ್ಲಾ ತೂಕ ಮತ್ತು ಅಳತೆ ಕಚೇರಿಯಲ್ಲಿ ಇಂದಿನವರೆಗೆ ಯಾವ ಮಹಿಳಾ ಸಿಬ್ಬಂದಿಯ ತಲೆಯೂ ಕೂದಲು ನೆಟ್ಟಗೆ ಮಾಡುವ ಕ್ರೀಮಿನಿಂದ ಸುಟ್ಟಿರುವುದಿಲ್ಲ. ಸುಟ್ಟದ್ದೆಲ್ಲ ಕೆರೆದುಕೊಂಡದ್ದರಿಂದ. ಈ ಸತ್ಯವನ್ನು ಪತ್ತೆಹಚ್ಚಿದ ಸಮಿತಿಗೆ ನಾನೇ ಕಾರ್ಯದರ್ಶಿ. ಮೂವತ್ತಾರು ವರ್ಷ ಸೇವೆ ಸಲ್ಲಿಸಿ ನಿವೃತ್ತನಾಗಿ, ಮನೆಯಲ್ಲಿ ಕೋಳಿಗಳಿಗೆ ಸುತ್ತೋಲೆ ಹೊರಡಿಸಿಕೊಂಡಿದ್ದವನನ್ನು ಹುಡುಕಿಕೊಂಡು ಬಂದು ಈ ಗೌರವ ಕೊಟ್ಟರು. ಹೇಳಿಕೊಳ್ಳದೆ ಇರುವುದಾದರೂ ಹೇಗೆ?

ಮೊದಲು ನಿಯಮ. ನಮ್ಮ ಕೈಪಿಡಿಯ ಹದಿನೇಳನೆಯ ನಿಯಮದ ಪ್ರಕಾರ, ಕೌಂಟರಿನಲ್ಲಿ ಕೂರುವ ಮಹಿಳಾ ಸಿಬ್ಬಂದಿಯ ಕೂದಲು ನೆಟ್ಟಗಿರತಕ್ಕದ್ದು. ಇದರಲ್ಲಿ ಯಾರ ಮೇಲೂ ದ್ವೇಷವಿಲ್ಲ, ಶುದ್ಧ ಇಲಾಖಾ ತರ್ಕ. ನಮ್ಮ ಹೆಂಗಸರ ಗುಂಗುರು ಕೂದಲನ್ನು ಹುಟ್ಟಿದ ಹಾಗೇ ಬಿಟ್ಟರೆ ಎಳೆದಾಗ ಒಂದು ಗೇಣು, ಕೈಬಿಟ್ಟಾಗ ನಾಲ್ಕು ಬೆರಳು, ಮಳೆಗೆ ಸಿಕ್ಕರೆ ಎರಡೇ ಬೆರಳು. ಒದ್ದೆಯಾದರೆ ಕುಗ್ಗುವ ಟೇಪನ್ನು ಬಟ್ಟೆ ಅಂಗಡಿಯಲ್ಲಿ ಕಂಡರೆ ನಾವು ಮುಟ್ಟುಗೋಲು ಹಾಕಿಕೊಳ್ಳುತ್ತೇವೆ. ಅಂಥದ್ದನ್ನೇ ತಲೆಯ ಮೇಲೆ ಹೊತ್ತು ನಮ್ಮದೇ ಕೌಂಟರಿನಲ್ಲಿ ಕೂತರೆ ಜನ ಏನೆಂದಾರು? ವಿಗ್ಗು ಹಾಕಬಹುದಲ್ಲ ಎನ್ನುತ್ತೀರಿ. ವಿಗ್ಗು ಖೋಟಾ ತೂಕದ ಬಟ್ಟಿಗೆ ಸಮಾನವೆಂದು ಉಪನಿಯಮ ಎರಡು ಸ್ಪಷ್ಟಪಡಿಸುತ್ತದೆ.

ಹೀಗಾಗಿ ಆರು ವಾರಕ್ಕೊಮ್ಮೆ, ಬುಡದಲ್ಲಿ ಸುರುಳಿ ತಲೆ ಎತ್ತಿದಂತೆಲ್ಲ, ನಮ್ಮ ಹೆಂಗಸರು ರಸ್ತೆಯಾಚೆಯ ‘ದೇವರ ಕೃಪೆ ಸಾಕು’ ಸಲೂನಿಗೆ ಹೋಗಿ ಫ್ರೆಮಾ ಆಂಟಿಯ ಕೈಗೆ ತಲೆ ಕೊಡುತ್ತಾರೆ. ಕ್ರೀಮಿನ ಹೆಸರು ‘ಗ್ಲೋರಿ ಸೂಪರ್’. ಅದರ ಜಿಲ್ಲಾ ಏಜೆನ್ಸಿ ನಮ್ಮ ನಿರ್ದೇಶಕ ಒಟೆಂಗ್ ಸಾಹೇಬರ ಶ್ರೀಮತಿಯವರದು ಎಂಬುದು ಕಾಕತಾಳೀಯ. ಕಾಕತಾಳೀಯವೆಂದೇ ಕಡತದಲ್ಲಿ ನಮೂದಿಸಿದ್ದೇನೆ.

ಎಲ್ಲವೂ ಸುಸೂತ್ರವಾಗಿದ್ದಾಗ ಎರಡನೇ ಕೌಂಟರಿನ ಸೆನಾಮ್ ಅಗ್ಬೆಕೊ ಎಂಬ ಮೂವತ್ತೆರಡರ ಹೆಣ್ಣುಮಗಳು ಅರ್ಜಿ ಕೊಟ್ಟಳು: ತನಗೆ ಹದಿನೇಳನೆಯ ನಿಯಮದಿಂದ ವಿನಾಯಿತಿ ಬೇಕು. ಜೊತೆಗೆ ಹೆರಿಗೆ ಡಾಕ್ಟರ ಪತ್ರ. ಗರ್ಭಕೋಶದಲ್ಲಿ ಗಡ್ಡೆಗಳಿವೆ, ಇಂಥ ಕ್ರೀಮುಗಳಿಗೂ ಇಂಥ ಗಡ್ಡೆಗಳಿಗೂ ನಂಟಿರಬಹುದೆಂದು ಅಧ್ಯಯನಗಳು ಶಂಕಿಸಿವೆ, ಕ್ಯಾನ್ಸರಿನ ಶಂಕೆಯೂ ಇದೆ, ಈಕೆಗೆ ಮಗು ಬೇಕಿದ್ದರೆ ಕ್ರೀಮು ಬಿಡುವುದು ಒಳಿತು ಎಂದಿತ್ತು.

ತಕ್ಷಣ ಸಮಿತಿ ರಚನೆಯಾಯಿತು. ಅಧ್ಯಕ್ಷರು ಒಟೆಂಗ್ ಸಾಹೇಬರು, ಮಹಿಳಾ ಪ್ರತಿನಿಧಿ ಅವರ ಶ್ರೀಮತಿ, ಕಾರ್ಯದರ್ಶಿ ನಾನು. ಮೆಕ್ಕೆಜೋಳದ ಕೆಂಕೆ ಕಡುಬು ಮತ್ತು ಕರಿದ ಮೀನು ತರಿಸಿ, ಕೈತೊಳೆದು ವಿಚಾರಣೆ ಶುರುಮಾಡಿದೆವು.

“ಸೆನಾಮ್, ಗರ್ಭಕೋಶ ತಲೇಲಿದೆಯೇನಮ್ಮಾ?” ಎಂದರು ಸಾಹೇಬರು.

“ಇಲ್ಲ ಸರ್.”

“ಮತ್ತೆ ಆ ಡಾಕ್ಟರು ತಲೆ ವಿಷಯಕ್ಕೆ ಯಾಕೆ ಬಂದ್ರು?”

“ನೆತ್ತೀಲಿ ಗಾಯ ಆಗತ್ತಲ್ಲ ಸರ್, ಅಲ್ಲಿಂದ ಮೈಯೊಳಗೆ ಇಳೀಬಹುದಂತೆ. ಹದಿನಾಲ್ಕು ವರ್ಷದಿಂದ ಹಚ್ತಿದ್ದೀನಿ. ಎರಡು ಸಲ ಬಸಿರು ನಿಂತಿದ್ದು ಉಳೀಲಿಲ್ಲ. ಈಗ ಗಡ್ಡೆಗಳಿಗೇ ಜಾಗ ಸಾಲ್ತಿಲ್ಲ, ಮಗೂನ ಎಲ್ಲಿಡ್ಲಿ?”

“ಗಾಯ ಆಗೋದು ಕೆರ್ಕೊಂಡ್ರೆ,” ಎಂದರು ಮಹಿಳಾ ಪ್ರತಿನಿಧಿ. “ಡಬ್ಬಿ ಮೇಲೇ ಬರೆದಿದೆ. ಓದೋ ಅಭ್ಯಾಸ ಇಟ್ಕೋ.”

ತಜ್ಞ ಸಾಕ್ಷಿಯಾಗಿ ಫ್ರೆಮಾ ಆಂಟಿಯನ್ನು ಕರೆಸಿದೆವು. ಬಂದವಳೇ ನನ್ನ ತಟ್ಟೆ ನೋಡಿ, “ಮೀನಿನ ತಲೆ ಬಿಟ್ಬಿಟ್ಟಿದ್ದೀರಲ್ಲ ಮಾವ, ಹಲ್ಲು ಹೋಯ್ತಾ?” ಎಂದಳು. ನಾನು ನೇರ ಪ್ರಶ್ನೆಗೆ ಬಂದೆ.

“ಉರಿಯುತ್ತಿದೆ ಅಂತ ಯಾರಾದರೂ ಹೇಳಿದ್ದುಂಟೆ?”

“ಎಲ್ಲರೂ ಹೇಳ್ತಾರೆ. ಕೆರ್ಕೊಂಡಿದ್ಯಾ ಅಂತ ಕೇಳ್ತೀನಿ. ಇಲ್ಲ ಅಂತಾರೆ. ನಿದ್ದೇಲಿ ಕೆರ್ಕೊಂಡಿರ್ತೀಯ ಅಂತೀನಿ. ನಿದ್ದೇಲಿ ಆಗಿದ್ದು ಯಾರಿಗೆ ಗೊತ್ತು, ಸುಮ್ಮನಾಗ್ತಾರೆ.”

“ಆಮೇಲೆ?”

“ಆಮೇಲೇನು ಮಾವ, ಉರೀತಿದೆ ಅಂದ್ರೆ ಹಿಡೀತಿದೆ ಅಂತ. ಇನ್ನೈದು ನಿಮಿಷ ತಡ್ಕೋ ಮಗಳೇ ಅಂತ ಚರ್ಚಿನ ಹಾಡಿನ ಪುಸ್ತಕದಲ್ಲಿ ಗಾಳಿ ಹಾಕ್ತೀನಿ. ಚೆಂದ ಏನು ಬಿಟ್ಟಿ ಬರ್ತದಾ?”

“ನಿಮ್ಮ ಕೈ ಉರಿಯುವುದಿಲ್ಲವೆ?”

“ನಾನು ಗ್ಲೌಸ್ ಹಾಕ್ತೀನಲ್ಲ. ಎರಡು ಜೊತೆ. ಬರಿಗೈಲಿ ಮುಟ್ಟೋಕಾಗತ್ತಾ ಅದನ್ನ?”

ಕೊನೆಯ ಉತ್ತರ ಅಪ್ರಸ್ತುತವೆಂದು ಅಧ್ಯಕ್ಷರು ಹೊಡೆದುಹಾಕಿಸಿದರು. ಉಳಿದದ್ದರಿಂದ ಕಾರಣ ನಿಚ್ಚಳವಾಗಿತ್ತು. ಮರುದಿನವೇ ಸುತ್ತೋಲೆ ಹೊರಟಿತು. ಕರಡು ನನ್ನದು; ಇಂದಿಗೂ ಓದಿದರೆ ಮೈ ಜುಮ್ಮೆನ್ನುತ್ತದೆ:

“ಕ್ರೀಮು ಹಚ್ಚಿಸಿಕೊಳ್ಳುವ ದಿನಕ್ಕೆ ಮೊದಲಿನ ಏಳು ದಿನ ಯಾವ ಮಹಿಳಾ ಸಿಬ್ಬಂದಿಯೂ ತಲೆ ಕೆರೆದುಕೊಳ್ಳತಕ್ಕದ್ದಲ್ಲ. ತಡೆಯಲಸಾಧ್ಯವಾದಲ್ಲಿ ಅಂಗೈಯಿಂದ ಮೆಲ್ಲಗೆ ತಟ್ಟಿಕೊಳ್ಳಬಹುದು. ಒಂದು ಬಾರಿಗೆ ಮೂರು ತಟ್ಟು ಮೀರಬಾರದು. ನಿದ್ದೆಯಲ್ಲಿ ಸಂಭವಿಸುವ ಕೆರೆತಕ್ಕೆ ಗಂಡನೇ ಹೊಣೆಗಾರನು.”

ಸೆನಾಮ್ ಏಳು ದಿನ ಕೆರೆದುಕೊಳ್ಳಲಿಲ್ಲ. ಗಂಡ ಸಹಿ ಮಾಡಿದ ಹೇಳಿಕೆಯೂ ಇತ್ತು. ಆದರೂ ಎಂಟನೇ ದಿನ ಸಲೂನಿನಿಂದ ಬಂದಾಗ ಕಿವಿಯ ಹಿಂದೆ ಎರಡು ಕಡೆ ಸುಲಿದಿತ್ತು. ಸಮಿತಿ ಮತ್ತೆ ಸೇರಿ, ಆಕೆ ಕೆರೆದುಕೊಳ್ಳದಿದ್ದರೂ ಕೆರೆದುಕೊಳ್ಳುವ ಉದ್ದೇಶ ಹೊಂದಿದ್ದಳೆಂದು ತೀರ್ಮಾನಿಸಿತು.

ಸೋಮವಾರ ಆಕೆ ತಲೆಯನ್ನು ಪೂರಾ ಬೋಳಿಸಿಕೊಂಡು ಬಂದು ಕೌಂಟರಿನಲ್ಲಿ ಕೂತಳು.

“ಇದೇನಮ್ಮಾ ಅವತಾರ?” ಎಂದರು ಸಾಹೇಬರು.

“ಸ್ಕೂಲಲ್ಲಿದ್ದಷ್ಟೂ ವರ್ಷ ನಮ್ಮ ತಲೆ ಹೀಗೇ ಇತ್ತಲ್ಲ ಸರ್. ಬೆರಳಿಗೆ ಸಿಗೋಷ್ಟು ಬೆಳೆದ್ರೆ ಪ್ರಾರ್ಥನೆ ಹೊತ್ತಲ್ಲೇ ಕತ್ತರಿ ಹಾಕ್ತಿದ್ರು. ಆಗ ಶಿಸ್ತು ಅಂದಿದ್ದು ಈಗ ಅವತಾರ ಹೇಗಾಯ್ತು?”

“ಅದು ವಿದ್ಯೆಯ ಶಿಸ್ತು. ಇದು ಉದ್ಯೋಗದ್ದು.”

ಇಲ್ಲದ ಕೂದಲನ್ನು ನೆಟ್ಟಗಿದೆಯೆಂದು ದೃಢೀಕರಿಸಲು ನಮ್ಮಲ್ಲಿ ನಮೂನೆ ಇಲ್ಲ. ಆದ್ದರಿಂದ ನಾಲ್ಕು ಬೆರಳು ಬೆಳೆಯುವವರೆಗೆ ಸಂಬಳರಹಿತ ರಜೆ ಮಂಜೂರಾಯಿತು. ಆ ರಜೆಯಲ್ಲೇ ಆಕೆಗೆ ಗಡ್ಡೆ ತೆಗೆಯುವ ಆಪರೇಷನ್ ಆಯಿತು.

ರಜೆ ಮುಗಿಸಿ ಬಂದವಳು ಮತ್ತೆ ಅದೇ ವಿನಾಯಿತಿ ಕೇಳಿದಳು. ಈಗ ಗರ್ಭಕೋಶ ಖಾಲಿ ಇದೆ, ಬೇಗ ಪ್ರಯತ್ನಿಸಿ ಎಂದು ಡಾಕ್ಟರು ಹೇಳಿದ್ದಾರಂತೆ. ಸಾಹೇಬರು ಕನ್ನಡಕ ತೆಗೆದು, “ಕಾಗದ ಯಾರು ಬೇಕಾದ್ರೂ ಬರೀತಾರೆ. ನಾವು ತೂಕದೋರು. ವಸ್ತು ತಗೊಂಬಾ,” ಎಂದರು.

ತಂದಳು. ಆಸ್ಪತ್ರೆಯ ಗಾಜಿನ ಡಬ್ಬಿಯಲ್ಲಿ, ನೀರಿನಂಥ ಔಷಧದಲ್ಲಿ, ಒಂಬತ್ತು ಗಡ್ಡೆಗಳು. ಸೋಸಿ, ಇಲಾಖೆಯ ಮಾದರಿ ತಕ್ಕಡಿಯಲ್ಲಿಟ್ಟು ನಾನೇ ತೂಗಿದೆ. ಒಂದು ಕಿಲೋ ಮುನ್ನೂರ ನಲವತ್ತು ಗ್ರಾಂ. ಒಂದು ಗ್ರಾಮೂ ಹೆಚ್ಚುಕಮ್ಮಿ ಇಲ್ಲ. ಮುದ್ರೆ ಒತ್ತಿದೆ. ಇಷ್ಟು ಖಚಿತವಾದ ಪುರಾವೆಯ ಮುಂದೆ ಸಮಿತಿ ಹಟ ಹಿಡಿಯಲಿಲ್ಲ. ಕ್ರೀಮಿಗೂ ಗಡ್ಡೆಗೂ ನಂಟಿರಬಹುದೆಂದು ತಾತ್ವಿಕವಾಗಿ ಒಪ್ಪಿ, ವಿನಾಯಿತಿಗೆ ಕನಿಷ್ಠ ಮಿತಿ ನಿಗದಿಪಡಿಸಿತು: ಎರಡು ಕಿಲೋ.

“ಎಷ್ಟು ಕಮ್ಮಿ ಬಿತ್ತು?” ಎಂದು ಸಾಹೇಬರು ನನ್ನನ್ನು ಕೇಳಿದರು.

“ಆರುನೂರ ಅರವತ್ತು ಗ್ರಾಂ ಸರ್.”

ಅವರು ಮರುಗಿದರು. ಕಠಿಣ ಎಂದು ಹೆಸರಾದವರು, ಆದರೆ ಒಳಗೆ ತಾಯಿಕರುಳು. “ನಿರಾಶೆ ಮಾಡ್ಕೋಬೇಡಮ್ಮ. ಇನ್ನೂ ಚಿಕ್ಕ ವಯಸ್ಸು. ಒಂದು ಸಲಾನೂ ತಪ್ಪಿಸದೆ ಕ್ರೀಮು ಹಚ್ತಾ ಬಾ, ಆಗತ್ತೆ.”

“ಮಗು ಸರ್?”

“ಅದು ಜನನ ನೋಂದಣಿ ಇಲಾಖೆ. ನಾವು ತಲೆ ಹಾಕೋಕಾಗಲ್ಲ.”

ಸೆನಾಮ್ ತಕ್ಕಡಿಯಿಂದ ಗಡ್ಡೆಗಳನ್ನು ತೆಗೆದು ಡಬ್ಬಿಗೆ ಹಾಕಿಕೊಂಡಳು. ಆಮೇಲೆ ಕೆಲಸ ಬೇಕಲ್ಲ, ರಸ್ತೆ ದಾಟಿ ಸಲೂನಿಗೆ ಹೋದಳು.

ನಮ್ಮ ಎರಡು ಕಿಲೋ ನಿಯಮವನ್ನು ಅಕ್ರಾದ ಕೇಂದ್ರ ಕಚೇರಿ ಮೆಚ್ಚಿ ಎಲ್ಲ ಜಿಲ್ಲೆಗಳಿಗೂ ವಿಸ್ತರಿಸಿತು. ಬ್ಯಾಂಕು, ಹೋಟೆಲು, ಶಾಲೆಗಳೂ ಅಳವಡಿಸಿಕೊಂಡವು. ಈಗ ಗುರುವಾರ ಗುರುವಾರ ನಮ್ಮ ಅಂಗಳದಲ್ಲಿ ಹೆಂಗಸರ ಸಾಲು. ಪ್ರತಿಯೊಬ್ಬರ ಮಡಿಲಲ್ಲೂ ಬಟ್ಟೆ ಸುತ್ತಿದ ಗಾಜಿನ ಡಬ್ಬಿ. ನೆರಳಿಗೆ ಶಾಮಿಯಾನ ಹಾಕಿಸಿದ್ದೇವೆ. ಕಂಬಗಳಿಗೆ ‘ಗ್ಲೋರಿ ಸೂಪರ್’ ಪ್ರಾಯೋಜಕತ್ವ. ನಾನು ಬೆಳಿಗ್ಗೆಯೇ ಹೋಗಿ ಕುರ್ಚಿ ಹಾಕಿಕೊಂಡು ನೋಡುತ್ತೇನೆ. ತಳ್ಳಾಟವಿಲ್ಲ, ಗದ್ದಲವಿಲ್ಲ. ಎರಡನೇ ಕೌಂಟರಿನಲ್ಲಿ ಸೆನಾಮ್, ಅಳತೆಗೋಲಿನಷ್ಟು ನೆಟ್ಟಗಿನ ಕೂದಲು, ತೂಗಿ ಮುದ್ರೆ ಒತ್ತುತ್ತಾಳೆ.

ಮೊನ್ನೆ ಒಬ್ಬ ಟೀಚರಮ್ಮನ ಗಡ್ಡೆಗಳಿಗೆ ತಕ್ಕಡಿಯ ಮುಳ್ಳು ಒಂದು ಕಿಲೋ ನೂರು ಗ್ರಾಮಿಗೆ ನಿಂತಿತು. ಆಕೆ ಬಗ್ಗಿ, ದನಿ ತಗ್ಗಿಸಿ ಕೇಳಿದಳು, “ನನ್ನ ತಂಗೀದು ಒಂಬೈನೂರು ಗ್ರಾಂ ತೆಗೆದಿದ್ದಾರೆ ಸಿಸ್ಟರ್. ಅದನ್ನೂ ಸೇರಿಸಬಹುದಾ?”

ಸೆನಾಮ್ ಕೈಪಿಡಿ ತೆರೆದು ಉಪನಿಯಮಗಳನ್ನೆಲ್ಲ ಬೆರಳಿಟ್ಟು ನೋಡಿದಳು.

“ಸೇರಿಸಬಹುದು ಅಕ್ಕ,” ಎಂದಳು. “ಒಂದೇ ಡಬ್ಬೀಲಿ ಹಾಕ್ಕೊಂಡು ಬನ್ನಿ.”