ಕಲಾಯಿ ಕಿತ್ತ ತಪ್ಪೇಲಿ

ಮಗ ಪಂಪಾಪತಿಯ ಗಂಟಲು ಮತ್ತೆ ಬಾತಿತ್ತು. ದಾಕ್ಷಾಯಣಿಗೆ ಕೂತರೂ ಅದೇ ಚಿಂತೆ, ನಿಂತರೂ ಅದೇ. ಬ್ಯಾಟರಿ ಬಿಟ್ಟು "ಆ ಅನ್ನು" ಎಂದು ನೋಡಿ ನೋಡಿ, ಈಗ ಬ್ಯಾಟರಿ ಕಂಡರೆ ಸಾಕು, ಹುಡುಗ ತಾನಾಗಿಯೇ ಬಾಯಿ ತೆರೆಯುತ್ತಿದ್ದ!

ಅಂಥ ಹೊತ್ತಿಗೆ ವಾರಪತ್ರಿಕೆಯೊಂದು ಅವಳಿಗೆ ಜ್ಞಾನೋದಯ ಮಾಡಿಸಿತು. ಮೈಯ ಒಂದೊಂದು ಜೀವಕೋಶಕ್ಕೂ ಕಬ್ಬಿಣ, ಸತು, ತಾಮ್ರ ಬೇಕಂತೆ. ತಾಮ್ರ ಕಡಿಮೆಯಾದರೆ ರೋಗದ ಜೊತೆ ಸೆಣಸುವ ಕಸುವೇ ಕುಂದುತ್ತದಂತೆ. ದಿನಕ್ಕೆ ಬೇಕಾದದ್ದು ಸಾಸಿವೆಕಾಳಿನ ಒಂದು ಚೂರಿಗಿಂತ ಕಡಿಮೆ ಎಂಬ ಸಾಲನ್ನು ಮಾತ್ರ ಅವಳ ಕಣ್ಣು ಹಾರಿ ಮುಂದೆ ಹೋಯಿತು.

"ಇನ್ನ ಈ ಮನ್ಯಾಗ ಯಾರ ಗಂಟಲೂ ಬಾಯಂಗಿಲ್ಲ!" ಎಂದು ಸಾರಿದಳು.

"ನಿನ್ನ ಗಂಟಲಿಗೂ ಒಂದೀಟು ವಿಶ್ರಾಂತಿ ಕೊಡು," ಅಂದ ಗಂಡ ತಿಪ್ಪೇರುದ್ರಪ್ಪ.

ಅಟ್ಟದ ಮೇಲೆ ಅತ್ತೆಯ ತಾಮ್ರದ ತಪ್ಪೇಲಿ ಇತ್ತು. ಆದರೆ ಒಳಗೆಲ್ಲ ಕಲಾಯಿ, ಹುಳಿ ತಾಮ್ರಕ್ಕೆ ತಾಗದಂತೆ ಬಳಿಸಿದ ತವರ! ತಾಮ್ರಕ್ಕೂ ಮಗನಿಗೂ ನಡುವೆ ನಿಂತ ವೈರಿ! ಹುಣಸೆಹಣ್ಣು, ಇಟ್ಟಿಗೆಪುಡಿ ಹಾಕಿ ತಿಕ್ಕಿದಳು. ಹಂಪಿ ಕೆಡವಿದವರಿಗೂ ಅಷ್ಟು ಶ್ರದ್ಧೆ ಇರಲಿಲ್ಲ. ಕೆಂಪಗೆ ಹೊಳೆದ ತಪ್ಪೇಲಿಯಲ್ಲಿ ಬೆಳಿಗ್ಗೆಯೇ ನಿಂಬೆಹಣ್ಣಿನ ಪಾನಕ ಮಾಡಿಟ್ಟಳು. ಮಧ್ಯಾಹ್ನದ ಬಿಸಿಲಿಗೆ ಹುಡುಗ ಗಟಗಟ ಕುಡಿದ.

ಸ್ವಲ್ಪ ಹೊತ್ತಿಗೇ ವಾಂತಿ. ಹಸಿರು ಹಸಿರು ವಾಂತಿ. ಮಗು ಒದ್ದೆ ಬಟ್ಟೆಯಂತೆ ಜೋತುಬಿತ್ತು.

"ಏನ್ ತಿನಿಸೀದಿ ಅವಂಗ?" ಗಂಡ ಕೂಗಿದ.

ಹೇಳಬೇಕಾದ್ದು ನಾಲಿಗೆ ತುದಿಯಲ್ಲೇ ಇತ್ತು. ಹೊರಗೆ ಬಂದದ್ದು ಬೇರೆ: "ಅತ್ತಿಯವರ ಶೇಂಗಾ ಹೋಳಿಗಿ... ಶೇಂಗಾ ಮುಗ್ಗಿದ್ವೋ ಏನೋ."

ಅತ್ತೆ ಚನ್ನವೀರಮ್ಮ ಆ ಹೋಳಿಗೆ ಕಟ್ಟಿಕೊಂಡು ಅವತ್ತು ಬೆಳಿಗ್ಗೆಯಷ್ಟೇ ಕುರುಗೋಡಿನಿಂದ ಬಸ್ಸಿಳಿದಿದ್ದರು. ತಿಪ್ಪೇರುದ್ರಪ್ಪ ತಾಯಿಯನ್ನು ಎಂದೂ ನೋಡದ ಹಾಗೆ ನೋಡಿದ.

"ಈ ವಯಸ್ಸಿನಾಗ ಅಡಗಿ ಯಾಕ ಬೇಕಿತ್ತವ್ವಾ ನಿನಗ?"

ಮುದುಕಿ ಸೆರಗಿನಿಂದ ಮೊಮ್ಮಗನ ಬಾಯಿ ಒರೆಸಿದರು, ಆಮೇಲೆ ತಮ್ಮ ಕಣ್ಣು. ಸೊಸೆಯ ಕಡೆ ತಿರುಗಿ ಅಂದರು: "ಆತು, ನಂದೇ ತಪ್ಪು. ಹಂಗಂತನ ಹೇಳವ್ವಾ, ಮೊದ್ಲು ಡಾಕ್ಟರಿಗೆ ಫೋನ್ ಹಚ್ಚು. ಕೂಸು ಉಳೀಲಿ."

ಗಾಂಧಿನಗರದ ಆ ಸಾಲಿನಲ್ಲಿ ಫೋನಿದ್ದದ್ದು ಪಕ್ಕದ ಚಿದಾನಂದಪ್ಪನವರ ಮನೆಯಲ್ಲಿ ಮಾತ್ರ. ದಾಕ್ಷಾಯಣಿ ಓಡಿದಳು. ಹಿಂದೆಯೇ ಅತ್ತೆ, ಹೆಗಲ ಮೇಲೆ ಮಗು.

"ಏನ್ ತಿಂದಿದ್ದ?" ಡಾಕ್ಟರು ಕೇಳಿದರು. "ಖರೇ ಹೇಳ್ರಿ ತಾಯಿ, ಔಷಧ ಅದರ ಮ್ಯಾಲ ಐತಿ."

ಅತ್ತೆ ಬೆನ್ನ ಹಿಂದಿನಿಂದ ಪಿಸುಗುಟ್ಟಿದರು: "ಹೋಳಿಗಿ ಅನ್ನು."

ದಾಕ್ಷಾಯಣಿ ರಿಸೀವರನ್ನು ಎರಡೂ ಕೈಯಲ್ಲಿ ಹಿಡಿದಳು.

"ಅವ ತಿಂದದ್ದರಿಂದ ಏನೂ ಆಗಿಲ್ಲರೀ ಡಾಕ್ಟ್ರೇ. ಕಲಾಯಿ ಕಿತ್ತ ತಾಮ್ರದ ತಪ್ಪೇಲ್ಯಾಗ ನಿಂಬಿಹಣ್ಣಿನ ಪಾನಕ ಇಟ್ಟಿದ್ದೆ. ನಾ ಓದಿದ್ದನ್ನ ಅವಂಗ ಕುಡಿಸೀನಿ."